ಕ್ಲೋರೈಡ್ ನಕ್ಷೆಯ ರೇಖೆಗಳು ಅಡ್ಡಾದಿಡ್ಡಿ ಬರುತ್ತಿರುವ ಬಗ್ಗೆ

ಅಮೆರಿಕದ ರಸಾಯನಶಾಸ್ತ್ರಜ್ಞೆ ಎಲೆನ್ ಸ್ವಾಲೋ ರಿಚರ್ಡ್ಸ್ ಅವರ ವಿಧಾನದಲ್ಲಿ ನೀವು ವಿದ್ಯಾರ್ಥಿಗಳಿಂದ ಬರೆಸಿದ ಬಾವಿಗಳ ಕ್ಲೋರೈಡ್ (ಉಪ್ಪಿನಲ್ಲಿರುವ ಅಂಶ) ನಕ್ಷೆಯಲ್ಲಿ, ಸಮಾನ ಪ್ರಮಾಣದ ಸ್ಥಳಗಳನ್ನು ಜೋಡಿಸುವ ರೇಖೆಗಳು ಅಡ್ಡಾದಿಡ್ಡಿಯಾಗಿರುವುದಕ್ಕೆ, ಮಲಿನ ಬಾವಿಗಳ ಅಂಕಿಗಳನ್ನೂ ಶುದ್ಧ ನೀರಿನ ಅಂಕಿಗಳೊಂದಿಗೆ ಸೇರಿಸಿರುವುದೇ ಬಹುಶಃ ಕಾರಣ. 1884ರಿಂದ ಎಂಐಟಿ ತಂತ್ರಜ್ಞಾನ ಸಂಸ್ಥೆಯಲ್ಲಿ ನೈರ್ಮಲ್ಯ ರಸಾಯನಶಾಸ್ತ್ರ ಕಲಿಸಿದ ರಿಚರ್ಡ್ಸ್, ಮ್ಯಾಸಚೂಸೆಟ್ಸ್ ಆರೋಗ್ಯ ಮಂಡಳಿಗಾಗಿ 1887ರಲ್ಲಿ ಆರಂಭವಾದ ಸಮೀಕ್ಷೆಯಿಂದ ರೂಪಿಸಿದ ನಕ್ಷೆಗೆ ಆಧಾರವಾದದ್ದು ಜನವಸತಿಯ ಕೊಳೆ ಸೇರದ ನೀರು ಮಾತ್ರ. ಕಡಲಿನಿಂದ ಬರುವ ಉಪ್ಪು ಒಳನಾಡಿಗೆ ಹೋದಂತೆ ಕಡಿಮೆಯಾಗುವುದರಿಂದ ಆ ರೇಖೆಗಳು ಹೆಚ್ಚುಕಡಿಮೆ ಕರಾವಳಿಯನ್ನೇ ಅನುಸರಿಸಿದವು. ಆಯಾ ಸ್ಥಳದ ಸಹಜ ಪ್ರಮಾಣವನ್ನು ಮೀರಿದ ಕ್ಲೋರೈಡಷ್ಟೇ ಮಾಲಿನ್ಯದ ಸುಳಿವಾಯಿತು. ಈ ಸರಳ ವಿವೇಚನೆಯೇ ಮಕ್ಕಳಿಗೆ ಮುಟ್ಟಬೇಕಾದದ್ದು.

ಮೊದಲು ಶೌಚಗುಂಡಿ, ಕೊಟ್ಟಿಗೆ, ಚರಂಡಿಗಳ ಬಳಿಯ ಬಾವಿಗಳನ್ನು ಬದಿಗಿಡಿ. ಉಳಿದವನ್ನು ಮತ್ತೊಮ್ಮೆ ಪರೀಕ್ಷಿಸಿ: ಪೊಟ್ಯಾಸಿಯಂ ಕ್ರೋಮೇಟ್ ಹಾಕಿದ ಹಳದಿ ನೀರಿಗೆ ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಡುವಾಗ, ಕಲಕಿದರೂ ಮಾಯವಾಗದ ನಸುಗೆಂಪು ಮೊದಲು ಕಂಡಲ್ಲೇ ನಿಲ್ಲಿಸಬೇಕು, ಬಣ್ಣ ಗಾಢವಾಗಲೆಂದು ಕಾದರೆ ಅಂಕಿ ಹೆಚ್ಚಿಗೆ ಬರುತ್ತದೆ. ಬಳಿಕ ಈ ಅಂಕಿಗಳಿಂದಲೇ ರೇಖೆ ಎಳೆಯಿಸಿ, ಬದಿಗಿಟ್ಟ ಪ್ರತಿ ಬಾವಿಯ ಅಂಕಿಯಿಂದ ಆ ಸ್ಥಳದ ಸಹಜ ಪ್ರಮಾಣವನ್ನು ಕಳೆಯಿರಿ. ಕೊಳವೆಬಾವಿಗಳಲ್ಲಿ ಕಲ್ಲುಮಣ್ಣಿನ ಲವಣವೂ ಸೇರಿರಬಹುದಾದ್ದರಿಂದ, ಹೆಚ್ಚುವರಿಯನ್ನೆಲ್ಲ ಮಾಲಿನ್ಯವೆಂದು ಖಚಿತವಾಗಿ ಹೇಳಲಾಗದು. ಅಲ್ಲಿ ಕೊಳೆಯ ಇನ್ನೊಂದು ಸುಳಿವಾದ ನೈಟ್ರೇಟನ್ನೂ ಪರೀಕ್ಷಿಸಿ.