ಬತ್ತಿ ಹೊಸೆಯುತ್ತಲೇ ಕೊಲೆಗಾರನನ್ನು ಹಿಡಿಯಬಹುದು

ಪ್ರಶ್ನೆ: ಮೊದಲ ಸಲ ಕಾದಂಬರಿ ಬರೆಯುತ್ತಿದ್ದೇನೆ. ಅಕ್ಕ, ತಂಗಿ, ಭಾವ ಮೂವರೂ ರಜೆಗೆಂದು ಗೋಕರ್ಣಕ್ಕೆ ಹೋಗುತ್ತಾರೆ. ಅವರು ಇಳಿದುಕೊಂಡ ಹೋಂಸ್ಟೇಯಲ್ಲಿ ಒಬ್ಬರ ಕೊಲೆಯಾಗುತ್ತದೆ. ಪತ್ತೇದಾರಿಯ ಗಂಧಗಾಳಿ ಇಲ್ಲದ ಈ ಮೂವರೇ ಕೊಲೆಗಾರನನ್ನು ಹುಡುಕುತ್ತಾರೆ. ತುಂಬ ನಗಿಸುವ ಹಾಗೆ ಬರೆಯಬೇಕೆಂಬ ಆಸೆ. ಅರವತ್ತು ಪುಟ ಓದಿದ ಗೆಳತಿ, 'ಹೆಣದ ಮುಂದೆ ನಗೋದು ಚೆನ್ನಾಗಿರಲ್ಲ ಕಣೇ' ಅಂದಳು. ನಗು ತೆಗೆದುಬಿಡಲೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದಯವಿಟ್ಟು ತೆಗೆಯಬೇಡಿ. ಆದರೆ ನಿಮ್ಮ ಗೆಳತಿಯ ಮಾತನ್ನೂ ತಳ್ಳಿಹಾಕಬೇಡಿ. ಸತ್ತವರನ್ನು ಇಟ್ಟುಕೊಂಡು ನಗಿಸಿದರೆ ಓದುಗರಿಗೆ ಕಸಿವಿಸಿಯಾಗುತ್ತದೆ. ಬದುಕಿರುವವರು ನಗಿಸಲಿ. ರಜೆಗೆ ಹೋದವರಲ್ಲಿ ನಗುವಿಗೇನು ಬರವೇ? ಬಿಸಿನೀರು ಯಾರಿಗೆ ಮೊದಲು, ಕಿಟಕಿ ಪಕ್ಕದ ಸೀಟು ಯಾರಿಗೆ, ಮನೆಯಿಂದ ತಂದ ಪುಳಿಯೋಗರೆ ಹೋಟೆಲಿನಲ್ಲಿ ಬಿಚ್ಚಬಹುದೋ ಇಲ್ಲವೋ. ಇಷ್ಟೇ ಸಾಕು, ಎರಡು ಅಧ್ಯಾಯ ಆಗುತ್ತದೆ.

ಇನ್ನೊಂದು ಮಾತು. ಇಂಥ ಕಾದಂಬರಿಯಲ್ಲಿ ನಗು ಒಗ್ಗರಣೆ ಅಲ್ಲ. ಸುಳಿವನ್ನು ಬಚ್ಚಿಡುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಗುವ ಹೊತ್ತಿನಲ್ಲಿ ಓದುಗರು ಎಚ್ಚರ ತಪ್ಪುತ್ತಾರೆ. ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ 1964ರಲ್ಲಿ ಬರೆದ 'ಎ ಕೆರಿಬಿಯನ್ ಮಿಸ್ಟರಿ' ನೋಡಿ. ಮಿಸ್ ಮಾರ್ಪಲ್ ಎಂಬ ವಯಸ್ಸಾದ ಹೆಂಗಸು, ನ್ಯುಮೋನಿಯಾದಿಂದ ಚೇತರಿಸಿಕೊಂಡವರು. ಸೋದರಳಿಯ ದುಡ್ಡು ಕೊಟ್ಟು ದೂರದ ದ್ವೀಪವೊಂದಕ್ಕೆ ರಜೆ ಕಳೆಯಲು ಕಳಿಸುತ್ತಾನೆ. ಅಲ್ಲೊಬ್ಬ ಮೇಜರ್. ಸಿಕ್ಕವರನ್ನೆಲ್ಲ ಕೂರಿಸಿಕೊಂಡು ಹಳೇ ಕಥೆ ಕೊರೆಯುವವನು. ಈಯಮ್ಮ ಹೆಣಿಗೆ ಹಾಕುತ್ತಾ, ಕೇಳಿದ ಹಾಗೆ ತಲೆಯಾಡಿಸುತ್ತಾ, ತಮ್ಮದೇ ಯೋಚನೆಯಲ್ಲಿರುತ್ತಾರೆ. ನಾವೂ ಅಷ್ಟೇ, ನಗುತ್ತಾ ಪುಟ ತಿರುವುತ್ತೇವೆ. ಮೇಜರ್ ಒಂದು ಕೊಲೆಯ ಕಥೆ ಎತ್ತುತ್ತಾನೆ, ಕೊಲೆಗಾರನ ಫೋಟೊ ತೋರಿಸಲು ಹೊರಡುತ್ತಾನೆ, ಅಷ್ಟರಲ್ಲಿ ಮಿಸ್ ಮಾರ್ಪಲ್ ಹೆಗಲಾಚೆಗೆ ಏನನ್ನೋ ನೋಡಿ ಥಟ್ಟನೆ ಮಾತು ಬದಲಿಸುತ್ತಾನೆ. ಮಾರನೇ ದಿನ ಅವನಿಲ್ಲ. ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು ಅಂತ ಆಗ ಅವರಿಗೂ ಅನ್ನಿಸುತ್ತದೆ, ನಮಗೂ ಅನ್ನಿಸುತ್ತದೆ. ಕೊರೆತವೆಂದು ನಾವು ಬಿಟ್ಟ ಮಾತಿನಲ್ಲೇ ಎಲ್ಲ ಇತ್ತು.

ನಿಮ್ಮ ಮೂವರಲ್ಲಿ ಒಬ್ಬರಿಗಾದರೂ ಹೆಣಿಗೆಯಂಥ ಕೈಕೆಲಸ ಕೊಡಿ. ಇದನ್ನು ನನ್ನ ದೊಡ್ಡಮ್ಮನನ್ನು ನೋಡಿ ಹೇಳುತ್ತಿದ್ದೇನೆ. ನಾನು ಪಿಯುಸಿಯಲ್ಲಿದ್ದಾಗ ನಾವೂ ಗೋಕರ್ಣಕ್ಕೆ ಹೋಗಿದ್ದೆವು. ಪಕ್ಕದ ಕೋಣೆಯ ಅಜ್ಜನ ಕನ್ನಡಕ ಕಾಣೆಯಾಯಿತು. ಎಲ್ಲರ ಕಣ್ಣೂ ರೂಮ್ ಬಾಯ್ ಮೇಲೆ. ಹದಿನೈದು ಹದಿನಾರರ ಹುಡುಗ. ಕೈಯಲ್ಲಿ ಖಾಲಿ ಜಗ್ಗು ಹಿಡಿದುಕೊಂಡು, ಅಳು ನುಂಗುತ್ತಾ ಬಾಗಿಲಲ್ಲಿ ನಿಂತಿದ್ದ. ದೊಡ್ಡಮ್ಮ ಜಗಲಿಯಲ್ಲಿ ಕಾಲು ಚಾಚಿ ಹತ್ತಿ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತದೆ ಹೇಳಿದರು: 'ನಿಮ್ಮ ಅಳಿಯ ನಿನ್ನೆ ಪೇಪರನ್ನ ಮಾರುದ್ದ ಹಿಡಿದು ಓದ್ತಿದ್ರು. ಇವತ್ತು ಮೂಗಿನ ಹತ್ರಾನೇ ಹಿಡ್ಕೊಂಡಿದಾರಲ್ಲ.' ಅಳಿಯ ಹಾಕಿಕೊಂಡಿದ್ದದ್ದು ಮಾವನ ಕನ್ನಡಕ! ಎರಡೂ ಒಂದೇ ಥರದ ಕಪ್ಪು ಫ್ರೇಮು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ದೊಡ್ಡಮ್ಮ ನಗಲಿಲ್ಲ. ಆ ಹುಡುಗನನ್ನು ಕರೆದು ಡಬ್ಬಿಯಿಂದ ಎರಡು ರವೆ ಉಂಡೆ ಕೊಟ್ಟರು. ಹವ್ಯಾಸಿ ಪತ್ತೇದಾರರಿಗೆ ಸಂಬಳ ಇಲ್ಲ, ಅಧಿಕಾರ ಇಲ್ಲ. ಸುಮ್ನೆ ಕುತೂಹಲಕ್ಕೆ ಬೇರೆಯವರ ಕೋಣೆ ಹೊಕ್ಕರೆ ಓದುಗರಿಗೆ ಇಷ್ಟವಾಗಲ್ಲ. ತಪ್ಪು ಮಾಡದ ಒಬ್ಬರ ಮೇಲೆ ಅನುಮಾನ ಬೀಳಲಿ. ಆಗ ನಿಮ್ಮ ಅಕ್ಕತಂಗಿಯರ ಜೊತೆ ನಾವೂ ಓಡುತ್ತೇವೆ.

ಪ್ರಶ್ನೆ: ಪ್ರವಾಸಕ್ಕೆ ಬಂದವರನ್ನು ಪೊಲೀಸರು ತನಿಖೆಗೆ ಸೇರಿಸಿಕೊಳ್ಳುತ್ತಾರೆಯೇ? ಇಂಥ ಕಥೆ ಓದುವಾಗ ನನಗೆ ನಂಬಿಕೆಯೇ ಬರುವುದಿಲ್ಲ.
– ಓದುಗರೊಬ್ಬರು, ತುಮಕೂರು

ಉತ್ತರ: ಸೇರಿಸಿಕೊಳ್ಳುವುದಿಲ್ಲ. ಇನ್‌ಸ್ಪೆಕ್ಟರ್ ಬಂದು 'ಮೇಡಂ, ನಿಮ್ಮ ಅಭಿಪ್ರಾಯ ಏನು?' ಅಂತ ಕೇಳುವ ಕಥೆ ನನಗೂ ಒಗ್ಗುವುದಿಲ್ಲ. ಆದರೆ ದಾರಿ ಇದೆ. ಸಂಶಯದ ಸಾವಾದರೆ ಪೊಲೀಸರು ನೆರೆಹೊರೆಯ ಇಬ್ಬರೋ ಹೆಚ್ಚೋ ಗೌರವಸ್ಥರನ್ನು ಎದುರಿಗಿಟ್ಟುಕೊಂಡು ಹೆಣದ ಮೇಲಿನ ಗಾಯ, ಗುರುತು ಎಲ್ಲ ಬರೆದುಕೊಳ್ಳಬೇಕು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 174ನೇ ಸೆಕ್ಷನ್ ಆಗಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ಹೀಗೆ ಎದುರಿಗಿರುವ ಸಾಕ್ಷಿಗಳೇ ಪಂಚರು. ಪಂಚರಾಗಿ ಪ್ರವಾಸಿಗರು ಬರುವಂತಿಲ್ಲ, ನೆರೆಯವರೇ ಆಗಬೇಕು. ಎದುರಿನ ಎಳನೀರು ಅಂಗಡಿಯವನು ಪಂಚನಾಗಲಿ. ಕೋಣೆಯೊಳಗೆ ಕಂಡದ್ದು ಅವನ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ಎರಡು ದಿನ ಅವನ ಹತ್ತಿರ ಎಳನೀರು ಕುಡಿದ ತಂಗಿಗೆ ಎಲ್ಲ ಹೇಳುತ್ತಾನೆ.

ಕೋಣೆ ಗುಡಿಸುವವರನ್ನೂ ಮರೆಯಬೇಡಿ. ಮೇಲೆ ಹೇಳಿದ ಕಾದಂಬರಿಯಲ್ಲಿ ಮೇಜರ್ ಕೋಣೆಯಲ್ಲಿ ಬಿಪಿ ಮಾತ್ರೆಯ ಸೀಸೆ ಸಿಗುತ್ತದೆ, ಸಹಜ ಸಾವು ಅಂತ ಎಲ್ಲರೂ ಒಪ್ಪುತ್ತಾರೆ. ಆ ಸೀಸೆ ಮೊದಲು ಅಲ್ಲಿ ಇರಲೇ ಇಲ್ಲ ಅಂತ ಗಮನಿಸುವವಳು ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗಿ ವಿಕ್ಟೋರಿಯಾ. ಮಾತ್ರೆಯ ವಿಷಯದಲ್ಲಿ ಕ್ರಿಸ್ಟಿ ತಪ್ಪುವುದು ಕಷ್ಟ. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲೇ ಕೆಲಸ ಮಾಡಿದವರು ಅವರು.

ಪ್ರಶ್ನೆ: ಕಡಲ ತೀರದ ಕಥೆಗೆ ಅಲ್ಲಿಯದೇ ಆದ ಸುಳಿವು ಯಾವುದಿರಬಹುದು?
– ಓದುಗರೊಬ್ಬರು, ಮಂಗಳೂರು

ಉತ್ತರ: ಉಬ್ಬರವಿಳಿತ. ನಿಮ್ಮೂರಿನವರಿಗೆ ಇದು ಅಂಗೈ ನೆಲ್ಲಿ. ಒಳನಾಡಿನಿಂದ ಬಂದವರಿಗೆ ಗೊತ್ತಿರುವುದಿಲ್ಲ, ಅದೇ ಅನುಕೂಲ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನಕ್ಕೆ ಸುಮಾರು 50 ನಿಮಿಷ ತಡ. ಒಂದು ವಾರ ಕಳೆದರೆ ಹೆಚ್ಚುಕಡಿಮೆ 6 ಗಂಟೆ ಸರಿದಿರುತ್ತದೆ. ಮೊದಲ ದಿನ ಬೆಳಗ್ಗೆ 8ಕ್ಕೆ ನೀರು ಇಳಿದಿದ್ದರೆ, ಏಳು ದಿನ ಬಿಟ್ಟು ಅದೇ 8ಕ್ಕೆ ಅಲ್ಲಿ ನೀರು ಏರಿರುತ್ತದೆ.

ಶಿವಮೊಗ್ಗದವರೂ ಇದನ್ನು ಬಳಸಬಹುದು. ಬಂದ ದಿನ ಬೆಳಗ್ಗೆ ಎಂಟಕ್ಕೆ ಭಾವ ಬಂಡೆ ಸುತ್ತಿ ಆ ಬದಿಗೆ ಆರಾಮಾಗಿ ನಡೆದುಹೋಗಿ ಫೋಟೊ ತೆಗೆಸಿಕೊಳ್ಳಲಿ. ವಾರದ ನಂತರ ಅದೇ ಹೊತ್ತಿಗೆ ಹೋದಾಗ ಅವರ ಹೊಸ ಚಪ್ಪಲಿ ತೇಲಿಕೊಂಡು ಹೋಗಲಿ. ಅಕ್ಕ ಬೈಯಲಿ, ಓದುಗರು ನಗಲಿ. ಇಪ್ಪತ್ತು ಪುಟ ಆದಮೇಲೆ ಒಬ್ಬರು, ಆ ಚಪ್ಪಲಿ ಹೋದ ದಿನದ ಮಾತೆತ್ತಿ, 'ಅವತ್ತು ಬೆಳಗ್ಗೆ ಎಂಟಕ್ಕೆ ನಾನು ಬಂಡೆಯ ಆ ಬದಿಗೆ ನಡೆದುಹೋಗಿದ್ದೆ, ಕಾಲೂ ಒದ್ದೆಯಾಗಲಿಲ್ಲ' ಅನ್ನಲಿ. ಸುಳ್ಳು ಅಂತ ಚಪ್ಪಲಿ ನೆನಪಿದ್ದವರಿಗೆ ಗೊತ್ತಾಗುತ್ತದೆ. ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದಿಟ್ಟರು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಲೇಬೇಕು ಎನ್ನುವುದು ಅದರಲ್ಲಿ ಒಂದು. ಚಪ್ಪಲಿಯನ್ನು ಎಲ್ಲರ ಕಣ್ಣೆದುರೇ ತೇಲಿಸಿದ ಮೇಲೆ ಮೋಸದ ಮಾತೆಲ್ಲಿ?

ಪ್ರಶ್ನೆ: ಕನ್ನಡದಲ್ಲಿ ಪತ್ತೇದಾರಿ ಬರೆದವರು ಯಾರು?
– ಓದುಗರೊಬ್ಬರು, ಹಾಸನ

ಉತ್ತರ: ಎನ್. ನರಸಿಂಹಯ್ಯನವರಿಂದ ಶುರು ಮಾಡಿ. ಅವರ ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಪತ್ತೇದಾರರು ಎಷ್ಟೋ ಮನೆಗಳಲ್ಲಿ ಓದುವ ಹುಚ್ಚು ಹತ್ತಿಸಿದರು. ನಮ್ಮ ಕೆಂಪು ಹಳದಿ ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರೆದವರೇ.

ಪ್ರಶ್ನೆ: ಕೊಲೆಗಾರ ಯಾರು ಅಂತ ಗೊತ್ತಾದ ಮೇಲೂ ಇಂಥ ಪುಸ್ತಕ ಓದಬಹುದಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಖಂಡಿತ ಓದಿ. ಮೇಜರ್ ಕಥೆಯನ್ನು ನಾನು ಮೂರು ಸಲ ಓದಿದ್ದೇನೆ. ಮೊದಲ ಸಲ ಅವನ ಕೊರೆತವನ್ನು ಬೇಗ ಬೇಗ ದಾಟಿದ್ದೆ. ಎರಡನೇ ಸಲ ಒಂದೊಂದು ಸಾಲಿಗೂ ನಿಂತೆ. ಅವನು ಹೆಗಲಾಚೆ ನೋಡುವ ಪುಟ ಬಂದಾಗ ಮಾತ್ರ ಪುಸ್ತಕ ಮಡಚಿಟ್ಟು, ಅವನು ಕೂತದ್ದು ಎಲ್ಲಿ, ಅವನ ಎದುರಿಗೆ ಯಾರ್‍ಯಾರು ಬರುತ್ತಿದ್ದರು ಅಂತ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ. ಆ ಹಾಳೆ ಇನ್ನೂ ಆ ಪುಸ್ತಕದ ನಡುವೆಯೇ ಇದೆ.