ಹನ್ನೊಂದಕ್ಕೆ ಹೋಗುವವರು, ಎರಡಕ್ಕೆ ಬರುವವರು

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಿಂದ ಬಂದ ಪತ್ರ ಇದು. ಬರೆದವರು ನಿವೃತ್ತ ಶಿಕ್ಷಕಿ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಒಂದೇ ಕಟ್ಟಡದಲ್ಲಿ ಅವರಿಗೆ ಎರಡೆರಡು ಬೆಡ್‌ರೂಮಿನ ಎರಡು ಫ್ಲ್ಯಾಟ್‌ಗಳಿವೆ. ಎರಡನ್ನೂ ಆ್ಯಪ್ ಮೂಲಕ ದಿನದ ಬಾಡಿಗೆಗೆ ಕೊಡುತ್ತಾರೆ. ಇದ್ದವರು ಬೆಳಿಗ್ಗೆ 11ಕ್ಕೆ ಖಾಲಿ ಮಾಡಬೇಕು, ಹೊಸಬರು ಮಧ್ಯಾಹ್ನ 2ಕ್ಕೆ ಬರುತ್ತಾರೆ. ಶನಿವಾರ, ಭಾನುವಾರ ಬಂತೆಂದರೆ ಈ ಮೂರು ಗಂಟೆಯಲ್ಲಿ ಉಸಿರಾಡಲೂ ಬಿಡುವಿರುವುದಿಲ್ಲ. ಕೆಲಸಕ್ಕೆ ಬಹಳ ವರ್ಷಗಳಿಂದ ಒಬ್ಬ ಹೆಂಗಸು ಬರುತ್ತಾರೆ. ವಾರದ ಕೊನೆಗೆ ಅವರ ಅಕ್ಕನ ಮಗಳೂ ಜೊತೆಗೆ ಬರುತ್ತಾಳೆ. ಇತ್ತೀಚೆಗೆ ಅತಿಥಿಯೊಬ್ಬರು 'ಮಂಚದ ಕೆಳಗೆ ಕೂದಲು ಇತ್ತು' ಎಂದು ರಿವ್ಯೂನಲ್ಲಿ ಬರೆದುಬಿಟ್ಟರು. ಅಂದಿನಿಂದ ಮಗ ಒಂದೇ ಹಟ ಹಿಡಿದಿದ್ದಾನೆ: 60,000 ರೂಪಾಯಿ ಹಾಕಿ ನೆಲ ಗುಡಿಸಿ ಒರೆಸುವ ರೋಬೋ ತರೋಣ, ಫ್ಲ್ಯಾಟಿಗೊಂದು ಗಂಟೆ ಉಳಿಯುತ್ತದೆ, ಆ ಹುಡುಗಿಗೆ ಬರಬೇಡ ಅನ್ನಬಹುದು. 'ಅವನು ಹೇಳುವುದು ಸರಿಯೇ?' ಎಂಬುದು ಅವರ ಪ್ರಶ್ನೆ.

ನಮಸ್ಕಾರ ಮೇಡಂ,

ರೋಬೋ ತನ್ನಿ. ಆದರೆ ಹುಡುಗಿಯನ್ನು ಕಳಿಸಬೇಡಿ. ಏಕೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೀವು ಪತ್ರದ ಜೊತೆ ಒಂದು ಲೆಕ್ಕ ಕಳಿಸಿದ್ದೀರಿ. ಒಂದು ಫ್ಲ್ಯಾಟಿಗೆ ಒಬ್ಬರೇ ಕೆಲಸ ಮಾಡಿದರೆ ಹಾಸಿಗೆಗಳಿಗೆ 40 ನಿಮಿಷ, ಎರಡು ಬಾತ್‌ರೂಮಿಗೆ 50, ಅಡುಗೆಮನೆಗೆ 25, ಗುಡಿಸಿ ಒರೆಸಲು 35, ಕಸ ವಿಂಗಡಿಸಿ ಕೊನೆಗೊಮ್ಮೆ ಎಲ್ಲ ನೋಡಲು 20. ಒಟ್ಟು 170 ನಿಮಿಷ. ಎಷ್ಟು ಒಳ್ಳೆಯ ಲೆಕ್ಕ ಇದು! ಈ ಕೆಲಸ ಮಾಡಿಸುವವರಲ್ಲಿ ಹೆಚ್ಚಿನವರು ಗಡಿಯಾರ ಹಿಡಿದು ನೋಡಿರುವುದೇ ಇಲ್ಲ. ನಿಮ್ಮ ಮಗನಿಗೆ ಬೇಕಾದ ಉತ್ತರ ಇದರಲ್ಲೇ ಇದೆ. ರೋಬೋ ಮುಟ್ಟುವುದು ಆ 35 ನಿಮಿಷವನ್ನು ಮಾತ್ರ. ಅದಿಷ್ಟೂ ಉಳಿಯಿತೆಂದೇ ಇಟ್ಟುಕೊಳ್ಳಿ, ಒಂದು ಗಂಟೆ ಎಲ್ಲಿಂದ ಬರಬೇಕು? ಹುಡುಗಿ ಬರದಿದ್ದರೆ ಎರಡೂ ಫ್ಲ್ಯಾಟು ಆ ಹೆಂಗಸಿನ ತಲೆಯ ಮೇಲೆ ಬೀಳುತ್ತವೆ. 340 ನಿಮಿಷದ ಕೆಲಸದಲ್ಲಿ ನೆಲದ 70 ಕಳೆದರೂ 270 ಉಳಿಯಿತು. ಇರುವುದು 180. ಎಂಥ ಯಂತ್ರ ತಂದರೂ ಈ ಲೆಕ್ಕ ಕೂಡುವುದಿಲ್ಲ.

ಇನ್ನೊಂದು ಮಾತನ್ನು ಅಂಗಡಿಯವರು ಹೇಳುವುದಿಲ್ಲ. ಈ ಯಂತ್ರ ಮನುಷ್ಯರಿಗಿಂತ ನಿಧಾನ. ಕೈ ಪಳಗಿದ ಹೆಂಗಸು 35 ನಿಮಿಷದಲ್ಲಿ ಮುಗಿಸುವ ನೆಲಕ್ಕೆ ಅದು ಹೆಚ್ಚುಕಡಿಮೆ ಒಂದು ಗಂಟೆ ತೆಗೆದುಕೊಳ್ಳಬಹುದು. ಅದರಿಂದ ಹೊತ್ತು ಉಳಿಯುವುದು ಒಂದೇ ಕಾರಣಕ್ಕೆ: ಅದು ನೆಲ ನೋಡಿಕೊಳ್ಳುವಾಗ ಆಕೆಯ ಕೈ ಇನ್ನೊಂದು ಕೆಲಸಕ್ಕೆ ಬಿಡುವಾಗುತ್ತದೆ. ಅಂದರೆ ಯಾವ ಕೆಲಸದ ಹೊತ್ತಿಗೆ ಅದನ್ನು ಬಿಡುತ್ತೀರಿ ಎನ್ನುವುದೇ ಮುಖ್ಯ.

ಇಲ್ಲಿ ಬಹಳ ಜನ ಎಡವುತ್ತಾರೆ. ಅತಿಥಿಗಳು ಹೋದ ತಕ್ಷಣ ರೋಬೋ ಚಾಲೂ ಮಾಡಿ, ಆಮೇಲೆ ಫ್ಯಾನಿನ ಧೂಳು ಹೊಡೆಯುತ್ತಾರೆ, ಬೆಡ್‌ಶೀಟ್ ಕೊಡವುತ್ತಾರೆ. ಒರೆಸಿದ ನೆಲದ ಮೇಲೆ ಮತ್ತೆ ಧೂಳು, ನೂಲಿನ ಎಳೆ, ಕೂದಲು. ನೆಲ ಯಾವಾಗಲೂ ಕೊನೆಗೇ ಬರಬೇಕು. ಇದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಹಾಗಂತ ಎಲ್ಲ ಮುಗಿದ ಮೇಲೆ ರೋಬೋ ಬಿಟ್ಟರೆ ಗಂಟೆ ಎರಡಾಗಿರುತ್ತದೆ, ಹೊಸಬರು ಬಾಗಿಲಲ್ಲಿ ನಿಂತಿರುತ್ತಾರೆ. ದಾರಿ ಒಂದೇ, ಕೋಣೆ ಕೋಣೆಯಾಗಿ ಹೋಗಬೇಕು. ಮೊದಲ ಬೆಡ್‌ರೂಮಿನ ಬಾತ್‌ರೂಮ್ ತೊಳೆದು, ಧೂಳು ಹೊಡೆದು, ಹಾಸಿಗೆ ಹಾಸಿ, ಯಂತ್ರವನ್ನು ಒಳಗೆ ಬಿಟ್ಟು ಬಾಗಿಲು ಹಾಕಿ ಎರಡನೆಯ ಬೆಡ್‌ರೂಮಿಗೆ ಹೋಗಬೇಕು. ಅಲ್ಲಿ ಮುಗಿಯುವ ಹೊತ್ತಿಗೆ ಇಲ್ಲಿಯದು ಮುಗಿದಿರುತ್ತದೆ. ಎತ್ತಿಕೊಂಡು ಹೋಗಿ ಅಲ್ಲಿ ಬಿಟ್ಟು ಅಡುಗೆಮನೆಗೆ ಹೋಗಬೇಕು. ಹಾಲ್ ಕೊನೆಗೆ. ಹೀಗೆ ಮಾಡಿದರೆ ಫ್ಲ್ಯಾಟಿಗೆ ಸುಮಾರು 20 ನಿಮಿಷ ಉಳಿದೀತು ಎಂದು ನನ್ನ ಅಂದಾಜು. ಸಾಮಾನು ಎತ್ತಿಡುವುದು, ಯಂತ್ರದ ಡಬ್ಬಿ ಖಾಲಿ ಮಾಡುವುದು, ಮೂಲೆ ಉಳಿದರೆ ಕೈಯಲ್ಲಿ ಒರೆಸುವುದು, ಇವೆಲ್ಲ 35ರಲ್ಲಿ 15 ನಿಮಿಷವನ್ನಾದರೂ ತಿಂದುಬಿಡುತ್ತವೆ.

ನಿಮ್ಮ ಪತ್ರ ಬಂದ ಮೇಲೆ ದೊಮ್ಮಲೂರಿನಲ್ಲಿ ಇಂಥದೇ ಫ್ಲ್ಯಾಟ್ ನಡೆಸುವ ಪರಿಚಿತರೊಬ್ಬರಲ್ಲಿಗೆ ಹೋಗಿದ್ದೆ. ಮದುವೆಗೆಂದು ಬಂದಿದ್ದ ಒಂದು ಕುಟುಂಬ ಆಗತಾನೇ ಖಾಲಿ ಮಾಡಿತ್ತು. ನೆಲದ ತುಂಬಾ ಅಕ್ಷತೆ, ಹೇರ್‌ಪಿನ್, ಬಾಡಿದ ಮಲ್ಲಿಗೆ. ಅಲ್ಲಿ ಕೆಲಸ ಮಾಡುವಾಕೆ ಯಂತ್ರ ಬಿಡುವ ಮೊದಲು ಡೈನಿಂಗ್ ಟೇಬಲ್ಲಿನ ಕುರ್ಚಿಗಳನ್ನೆಲ್ಲ ಮೇಲಕ್ಕೆ ಹಾಕಿದರು. ಚಾರ್ಜರ್ ವೈರ್ ಸುತ್ತಿಟ್ಟರು. ಹೂವಿನ ದಾರಗಳನ್ನು ಒಂದೊಂದಾಗಿ ಹೆಕ್ಕಿದರು. ಆದರೂ ಸೋಫಾದ ಕೆಳಗೆ ಒಂದು ಮೊಳ ಉಳಿದಿತ್ತು. ಯಂತ್ರ ಅದನ್ನು ಎಳೆದುಕೊಂಡು, ಗರ್ ಎಂದು ನಿಂತೇಬಿಟ್ಟಿತು. ಆಕೆ ಅದನ್ನು ಬೋರಲು ಹಾಕಿ, ಬ್ರಶ್ ಬಿಚ್ಚಿ, ಬಿಗಿಯಾಗಿ ಸುತ್ತಿಕೊಂಡಿದ್ದ ದಾರವನ್ನೂ ಉದ್ದ ಕೂದಲನ್ನೂ ಕತ್ತರಿಯಿಂದ ಸೀಳಿ ತೆಗೆದರು. 'ಅಕ್ಕಿ ಕಾಳನ್ನೆಲ್ಲ ಚೆನ್ನಾಗಿ ತಗೊಳ್ಳುತ್ತೆ ಸರ್, ದಾರ ಕಂಡ್ರೆ ಮಾತ್ರ ಆಗಲ್ಲ' ಎಂದರು. ಯಂತ್ರದ ಜೊತೆಗೆ ಒಂದು ಕತ್ತರಿಯನ್ನೂ ಇಡಿ. ಮೊದಲು ಯಾರಾದರೂ ಕಣ್ಣಿಟ್ಟು ನೆಲ ನೋಡಲೇಬೇಕು. ಚೆಲ್ಲಿದ ಸಾಂಬಾರು, ಮಗು ವಾಂತಿ ಮಾಡಿದ ಜಾಗ ಇಂಥವನ್ನು ಒರೆಸದೆ ರೋಬೋ ಬಿಟ್ಟರೆ ಅದು ಮನೆಯಿಡೀ ಬಳಿಯುತ್ತದೆ.

ಆದರೆ ನಿಮ್ಮ ನಿಜವಾದ ತೊಂದರೆ ಮಂಚದ ಕೆಳಗಿನ ಕೂದಲು ತಾನೇ? ಅದರಲ್ಲಿ ಈ ಯಂತ್ರ ಗಟ್ಟಿ. ಅವಸರದಲ್ಲಿ ಪೊರಕೆ ಮಂಚದ ಅಂಚಿಗೇ ನಿಂತುಬಿಡುತ್ತದೆ. ರೋಬೋ ಪ್ರತಿ ಸಲವೂ ಗೋಡೆಯ ತನಕ ಹೋಗಿಬರುತ್ತದೆ. ಹೆಚ್ಚಿನವು 9-10 ಸೆಂಟಿಮೀಟರ್ ಎತ್ತರ ಇರುತ್ತವೆ. ಕೊಳ್ಳುವ ಮೊದಲು ಟೇಪ್ ಹಿಡಿದು ಮಂಚದ ಕೆಳಗಿನ ಜಾಗ ಅಳೆಯಿರಿ. ಕೆಳಗೆ ಪೂರ್ತಿ ಮುಚ್ಚಿರುವ ಸ್ಟೋರೇಜ್ ಮಂಚವಾದರೆ ಒಳಗೆ ಹೋಗುವ ಮಾತೇ ಇಲ್ಲ.

60,000ದ ಯಂತ್ರ ನಿಮಗೆ ಬೇಡ. ಆ ಬೆಲೆಗೆ ಸಿಗುವವು ತಾವೇ ಕಸ ಖಾಲಿ ಮಾಡಿ, ಮಾಪ್ ತೊಳೆದುಕೊಳ್ಳುವ ದೊಡ್ಡ ಡಾಕ್ (ಯಂತ್ರ ಚಾರ್ಜಿಗೆ ಬಂದು ನಿಲ್ಲುವ ಪೆಟ್ಟಿಗೆ) ಇರುವಂಥವು. ಒಂದೇ ಮನೆಯಲ್ಲಿ ದಿನಾ ಓಡುವುದಕ್ಕೆ ಅದು ಚೆನ್ನ. ನಿಮ್ಮಲ್ಲಿ ಅದನ್ನು ಎಲ್ಲಿಡುತ್ತೀರಿ? ನಮ್ಮ ಫ್ಲ್ಯಾಟ್‌ಗಳ ಯುಟಿಲಿಟಿ ಸಾಮಾನ್ಯವಾಗಿ ಒಂದೆರಡು ಇಂಚು ತಗ್ಗಿನಲ್ಲಿರುತ್ತದೆ. ಈ ಯಂತ್ರಗಳಲ್ಲಿ ಹೆಚ್ಚಿನವು ಎರಡು ಸೆಂಟಿಮೀಟರಿಗಿಂತ ಎತ್ತರದ ಹೊಸಿಲು ಹತ್ತುವುದಿಲ್ಲ. ಹಾಲ್‌ನಲ್ಲಿಟ್ಟರೆ ಅತಿಥಿಗಳು ಅದರ ಪ್ಲಗ್ ಕಿತ್ತು ಫೋನ್ ಚಾರ್ಜಿಗೆ ಹಾಕುತ್ತಾರೆ, ಮಕ್ಕಳು ಮೇಲೆ ಕೂರುತ್ತಾರೆ. 25,000 ರೂಪಾಯಿಯ ಆಸುಪಾಸಿನಲ್ಲಿ ಸಿಗುವ, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಸಾದಾ ಯಂತ್ರವನ್ನು ಫ್ಲ್ಯಾಟಿಗೊಂದರಂತೆ ತನ್ನಿ. ಕೆಲಸ ಮುಗಿದ ಮೇಲೆ ಬೀಗದ ಕಪಾಟಿನಲ್ಲಿಡಿ. ಮುಂದಿನ ಸರದಿಗೆ ಹಿಂದಿನ ರಾತ್ರಿಯೇ ಚಾರ್ಜ್ ಆಗಿರಬೇಕು, ಹಾಗಾಗಿ ಕಪಾಟಿನೊಳಗೇ ಒಂದು ಪ್ಲಗ್ ಪಾಯಿಂಟ್ ಹಾಕಿಸಿ.

ಕೊಳ್ಳುವಾಗ ಲೇಸರ್‌ನಿಂದ ಮನೆಯ ನಕ್ಷೆ ಮಾಡಿಕೊಳ್ಳುವುದನ್ನು ಕೇಳಿ. ಕ್ಯಾಮೆರಾ ಇರುವುದು ಬೇಡವೇ ಬೇಡ. ನಿಮ್ಮ ಮನೆಯಲ್ಲಿ ಮಲಗುವವರು ಬೇರೆಯವರು. ಪರೀಕ್ಷೆಗೆಂದು ಕೆಲವರ ಮನೆಯಲ್ಲಿಟ್ಟಿದ್ದ ರೋಬೋಗಳು ತೆಗೆದ ಚಿತ್ರಗಳು, ಶೌಚಾಲಯದಲ್ಲಿ ಕುಳಿತಿದ್ದ ಹೆಂಗಸೊಬ್ಬರ ಚಿತ್ರವೂ ಸೇರಿ, ಆನ್‌ಲೈನ್ ಗುಂಪುಗಳಿಗೆ ಸೋರಿಹೋದದ್ದು 2022ರಲ್ಲಿ ಬಯಲಾಯಿತು. ದಿನದ ಬಾಡಿಗೆಗೆ ಮನೆ ಕೊಡಿಸುವ ಆ್ಯಪ್ ಏರ್‌ಬಿಎನ್‌ಬಿ ಅಂತೂ 2024ರ ಏಪ್ರಿಲ್ 30ರಿಂದ ಮನೆಯೊಳಗೆ ಸೆಕ್ಯುರಿಟಿ ಕ್ಯಾಮೆರಾ ಇಡುವಂತೆಯೇ ಇಲ್ಲ ಎಂದಿದೆ. ರೋಬೋದಲ್ಲಿರುವ ಕ್ಯಾಮೆರಾ ಬೇರೆ ಎಂದು ಅತಿಥಿಯ ಹತ್ತಿರ ವಾದ ಮಾಡುವ ಪರಿಸ್ಥಿತಿ ನಿಮಗೇಕೆ?

ಯಂತ್ರದ ಮೇಲೆಯೇ ಚಾಲೂ ಮಾಡುವ ಬಟನ್ ಇರಲಿ. ಅಮೆರಿಕದ ನೀಟೊ ಎಂಬ ರೋಬೋ ಕಂಪನಿ 2023ರಲ್ಲಿ ಬಾಗಿಲು ಹಾಕಿತು. ಆ್ಯಪ್ ಇದ್ದರೇ ಓಡುವ ಯಂತ್ರ ಕೊಂಡವರಿಗೆ ಇಂಥ ದಿನ ಕಷ್ಟ. ಅಲ್ಲದೆ ಇವುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಒಗ್ಗುತ್ತವೆ. ನೀವು ಅತಿಥಿಗಳಿಗಾಗಿ ಪಾಸ್‌ವರ್ಡ್ ಬದಲಿಸಿದಾಗಲೆಲ್ಲ ಸಂಪರ್ಕ ತಪ್ಪುತ್ತದೆ. ಬಟನ್ ಒತ್ತಿದರೆ ಓಡಬೇಕು, ಅಷ್ಟೇ. ಕಪ್ಪು ಗ್ರಾನೈಟ್ ಪಟ್ಟಿ ಇದ್ದರೆ ಒಮ್ಮೆ ಓಡಿಸಿ ನೋಡಿ ತನ್ನಿ. ಮೆಟ್ಟಿಲಿನಿಂದ ಬೀಳದಂತೆ ತಡೆಯುವ ಸೆನ್ಸರ್ ಕಪ್ಪು ನೆಲವನ್ನು ಹಳ್ಳ ಎಂದುಕೊಂಡು ಹಿಂದೆ ಸರಿಯುವುದುಂಟು.

ನೀರಿನ ಟ್ಯಾಂಕಿಗೆ ಫಿನಾಯಿಲ್ ಹಾಕಬೇಡಿ. ವಾಸನೆ ಬಂದರೇನೇ ಕ್ಲೀನ್ ಆದದ್ದು ಅನ್ನುವ ಅಭ್ಯಾಸ ನಮ್ಮದು, ಆದರೆ ಯಂತ್ರದ ಒಳಗಿನ ಪೈಪು, ರಬ್ಬರು ಹಾಳಾಗುತ್ತವೆ. ಬೋರ್‌ವೆಲ್, ಟ್ಯಾಂಕರ್ ನೀರೂ ಬೇಡ, ಗಡಸು ನೀರಿನಿಂದ ಸಣ್ಣ ತೂತುಗಳು ಕಟ್ಟಿಕೊಳ್ಳುತ್ತವೆ. ಹೇಗೂ ಇದಕ್ಕೆ ಬಕೆಟ್‌ಗಟ್ಟಲೆ ನೀರು ಬೇಕಿಲ್ಲ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ನಿಂತ ನಮಗೆ ಅದೂ ಒಂದು ಲಾಭವೇ.

ಇನ್ನು ಉಳಿದ 135 ನಿಮಿಷ. ಬಾತ್‌ರೂಮ್ ತಿಕ್ಕಿ ತೊಳೆದು, ಕನ್ನಡಿ ಒರೆಸಿ, ಜಾಲರಿಯಲ್ಲಿ ಸಿಕ್ಕ ಕೂದಲು ತೆಗೆಯುವ ಯಂತ್ರ ನಮ್ಮ ಮನೆಗಳಿಗೆ ಬಂದಿಲ್ಲ. ಬೆಡ್‌ಶೀಟ್ ಹಾಸಿ ಅಂಚು ಸಿಕ್ಕಿಸುವುದೂ ಇಲ್ಲ. ಹಸಿ, ಒಣ, ಸ್ಯಾನಿಟರಿ ಎಲ್ಲ ಒಂದೇ ಕವರಿನಲ್ಲಿ ತುಂಬಿಟ್ಟು ಹೋಗುವ ಅತಿಥಿಗಳ ಕಸವನ್ನು ಬೇರೆ ಮಾಡುವುದಂತೂ ಕೈಯಿಂದಲೇ ಆಗಬೇಕು. ಅಲ್ಲಿ ಹೊತ್ತು ಉಳಿಸಲು ರೋಬೋಗಿಂತ ಬೆಡ್‌ಶೀಟು ಹೆಚ್ಚು ಕೆಲಸಕ್ಕೆ ಬರುತ್ತದೆ. ಪ್ರತಿ ಮಂಚಕ್ಕೆ ಮೂರು ಸೆಟ್ ಇಡಿ: ಒಂದು ಹಾಸಿಗೆಯ ಮೇಲೆ, ಒಂದು ಒಗೆಯಲು, ಒಂದು ಮಡಿಸಿ ಕಪಾಟಿನಲ್ಲಿ. ಹೋಟೆಲ್‌ನವರು ನಡೆಸುವುದು ಹೀಗೆ. ಮಳೆಗಾಲದಲ್ಲಿ ಒಗೆದದ್ದು ಒಣಗಲಿ ಎಂದು ಕಾಯುತ್ತಾ ಫ್ಯಾನ್ ಕೆಳಗೆ ಹರವುವ ಪಾಡು ತಪ್ಪುತ್ತದೆ. ಇಬ್ಬರು ಸೇರಿ ಹಾಸಿಗೆ ಹಾಸಿದರೆ ಅರ್ಧಕ್ಕಿಂತ ಕಡಿಮೆ ಹೊತ್ತಿನಲ್ಲಿ ಮುಗಿಯುತ್ತದೆ. ಆ ಹುಡುಗಿ ಬೇಕಾಗುವುದು ಇಲ್ಲೇ.

ಮತ್ತೊಂದು ಮಾತು. ಚೆಕ್‌ಇನ್ ಎರಡರ ಬದಲು ಮೂರಕ್ಕೆ ಮಾಡಿ. ಯಂತ್ರ ಕೊಡುವ 20 ನಿಮಿಷಕ್ಕೆ ನೀವು ಸಾವಿರಾರು ರೂಪಾಯಿ ಕೊಡುತ್ತೀರಿ. ಇದು ಬಿಡಿಗಾಸಿಲ್ಲದೆ 60 ನಿಮಿಷ ಕೊಡುತ್ತದೆ. ಬೇಗ ಬಂದವರಿಗೆ ಬ್ಯಾಗ್ ಇಡಲು ಬೀಗ ಹಾಕುವಂಥ ಒಂದು ಜಾಗ ಮಾಡಿಕೊಡಿ. ಬ್ಯಾಗ್ ಇಟ್ಟು ಊಟಕ್ಕೆ ಹೋಗಿಬರಲು ಹೆಚ್ಚಿನವರು ಸಂತೋಷವಾಗಿ ಒಪ್ಪುತ್ತಾರೆ.

ಹಾಗಾದರೆ ಇಷ್ಟೆಲ್ಲ ಹೇಳಿ ರೋಬೋ ತನ್ನಿ ಅನ್ನುವುದೇಕೆ ಎಂದು ಕೇಳಬಹುದು. ನಿಮ್ಮ ಪತ್ರದಲ್ಲಿ ಒಂದು ಸಾಲು ಇತ್ತು: 'ಅವರಿಗೆ ಮಂಡಿನೋವು, ಆದರೂ ಕುಕ್ಕರಗಾಲಲ್ಲಿ ಕೂತೇ ಒರೆಸುತ್ತಾರೆ.' ನೀವು ಅದನ್ನು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಅದೇ ಮನಸ್ಸಿನಲ್ಲಿ ನಿಂತುಬಿಟ್ಟಿತು. ಶನಿವಾರ, ಭಾನುವಾರ ಎರಡು ಫ್ಲ್ಯಾಟು, ಉಳಿದ ದಿನ ಬೇರೆ ಮನೆಗಳು. ಈ ಊರಿನ ನೆಲಗಳನ್ನೆಲ್ಲ ಹೊಳೆಯುವ ಹಾಗೆ ಇಟ್ಟಿರುವುದು ಇಂಥ ಹೆಂಗಸರ ಮಂಡಿಗಳು. ಬಗ್ಗಿ ಗುಡಿಸುವುದು, ಧೂಳು ಕುಡಿಯುವುದು, ಕೂತು ಒರೆಸುವುದು, ಈ ಮೂರನ್ನು ಯಂತ್ರ ತಾನು ವಹಿಸಿಕೊಂಡರೆ ಕೊಟ್ಟ ಹಣ ಸಾರ್ಥಕ. ಆದ್ದರಿಂದ ಅಂಗಡಿಗೆ ಹೋಗುವಾಗ ಮಗನ ಜೊತೆ ಅವರನ್ನೂ ಕರೆದುಕೊಂಡು ಹೋಗಿ. ಎತ್ತಿ ನೋಡಲಿ, ಬ್ರಶ್ ಬಿಚ್ಚಿ ನೋಡಲಿ. ಅವರಿಗೆ ಭಾರ ಅನ್ನಿಸಿದರೆ ಬೇರೆಯದು ನೋಡಿ. ಬಟನ್ ಒತ್ತುವುದನ್ನು ಹುಡುಗಿ ಒಂದೇ ದಿನದಲ್ಲಿ ಕಲಿಯುತ್ತಾಳೆ, ಚಿಕ್ಕಮ್ಮನಿಗೂ ಕಲಿಸುತ್ತಾಳೆ.

ಕೂಲಿಯ ವಿಷಯವನ್ನು ಯಂತ್ರ ಬರುವ ಮೊದಲೇ ಮಾತಾಡಿಕೊಳ್ಳಿ. ಗಂಟೆಯ ಲೆಕ್ಕದಲ್ಲಿ ಕೊಡುತ್ತಿದ್ದರೆ, ಕೆಲಸ ಬೇಗ ಮುಗಿದಷ್ಟೂ ಅವರಿಗೆ ನಷ್ಟ. ಯಾರು ತಾನೇ ಮನಸ್ಸಿಟ್ಟು ರೋಬೋ ಓಡಿಸುತ್ತಾರೆ? ಒಂದು ಸಲ ಫ್ಲ್ಯಾಟ್ ಸಿದ್ಧ ಮಾಡಿದ್ದಕ್ಕೆ ಇಷ್ಟು ಎಂದು ಗೊತ್ತು ಮಾಡಿ. ಈಗ ಕೈಗೆ ಬರುತ್ತಿರುವುದಕ್ಕಿಂತ ಒಂದು ರೂಪಾಯಿಯೂ ಕಡಿಮೆ ಆಗಬಾರದು. ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಮಾಡಿದ ಮೊದಲ ರಾಜ್ಯಗಳಲ್ಲಿ ನಮ್ಮದೂ ಒಂದು. ಅದು 2004ರಷ್ಟು ಹಿಂದೆಯೇ ಆದದ್ದು. ಕೊನೆಗಳಿಗೆಯಲ್ಲಿ ಬುಕಿಂಗ್ ರದ್ದಾದರೆ ಅರ್ಧವಾದರೂ ಕೊಡಿ, ಆ ದಿನವನ್ನು ಅವರು ನಿಮಗಾಗಿ ಬಿಟ್ಟುಕೊಂಡಿರುತ್ತಾರೆ. ಬ್ರಶ್, ಫಿಲ್ಟರ್ ಬದಲಿಸುವ ಖರ್ಚು ನಿಮ್ಮದು. ಯಂತ್ರ ಕೆಟ್ಟರೆ ಅವರ ಕೂಲಿಯಲ್ಲಿ ಹಿಡಿಯುವುದಿಲ್ಲ ಎಂದು ಮೊದಲ ದಿನವೇ ಬಾಯಿಬಿಟ್ಟು ಹೇಳಿಬಿಡಿ. ಆಗ ಅವರು ಅದನ್ನು ಹೆದರದೆ ಮುಟ್ಟುತ್ತಾರೆ.

— ಸಂಪಾದಕ