ಬೋರ್ ಮಾಡಿಸಲಾ, ಟರ್ಬೋ ಹಾಕಿಸಲಾ?

ಪ್ರಶ್ನೆ: ನನ್ನದು ಹಳೆಯ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರ್, ಬೋರ್ (ಸಿಲಿಂಡರಿನ ಒಳ ಅಗಲ) 86 ಮಿ.ಮೀ., ಸ್ಟ್ರೋಕೂ (ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ) 86. ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತುವ ಪ್ರಮಾಣ, 10.5ಕ್ಕೆ 1. ಆಯಿಲ್ ಕುಡಿಯುತ್ತಿದೆ, ಹೇಗೂ ಎಂಜಿನ್ ಬಿಚ್ಚಲೇಬೇಕು. ಬ್ಲಾಕನ್ನು ಆದಷ್ಟು ದೊಡ್ಡದಾಗಿ ಬೋರ್ ಮಾಡಿಸಿ ಪವರ್ ಜಾಸ್ತಿ ಮಾಡಿಕೊಳ್ಳಲಾ, ಟರ್ಬೋ ಹಾಕಿಸಲಾ? ಗೆಳೆಯರು ಎರಡನ್ನೂ ಮಾಡು ಅಂತಾರೆ.

ಉತ್ತರ: ಗೆಳೆಯರಿಗೇನು, ದುಡ್ಡು ನಿಮ್ಮದಲ್ವಾ! ಮೊದಲು ಲೆಕ್ಕ ಹಾಕೋಣ. ನಿಮ್ಮ ಎಂಜಿನ್ ಈಗ 1998 ಸಿಸಿ. ಬೋರನ್ನು 1 ಮಿ.ಮೀ. ಹಿಗ್ಗಿಸಿ 87 ಮಾಡಿದರೆ 2045 ಸಿಸಿ ಆಗುತ್ತದೆ. ಅಂದರೆ ಶೇ. 2.3 ಜಾಸ್ತಿ, ಅಷ್ಟೇ. 150 ಎಚ್‌ಪಿ ಎಂಜಿನ್ನಿಗೆ ಮೂರು, ಮೂರೂವರೆ ಎಚ್‌ಪಿ. ಟೈರಿಗೆ ಸರಿಯಾಗಿ ಗಾಳಿ ಹಿಡಿಸಿದರೂ ಅದಕ್ಕಿಂತ ಚೆನ್ನಾಗಿ ಓಡಿದ ಹಾಗೆ ಅನ್ನಿಸುತ್ತದೆ. ಇಷ್ಟಕ್ಕಾಗಿ ಸಿಲಿಂಡರ್ ಗೋಡೆ ತೆಳುವಾಯಿತು, ಮುಂದೆ ಇನ್ನೊಮ್ಮೆ ಬೋರ್ ಮಾಡಿಸುವ ಅವಕಾಶವೂ ಹೋಯಿತು. ಹಿಂದೆ ನಾನೂ ಈ ಆಸೆಗೆ ಬಿದ್ದಿದ್ದೆ, ಆಮೇಲೆ ಎಂಜಿನ್ ಬಿಸಿಯೇರುವ ಭಯಕ್ಕೆ ಏರು ಸಿಕ್ಕಿದಾಗಲೆಲ್ಲ ರಸ್ತೆ ಬಿಟ್ಟು ಟೆಂಪರೇಚರ್ ಮುಳ್ಳನ್ನೇ ನೋಡುತ್ತಾ ಗಾಡಿ ಓಡಿಸಬೇಕಾಯಿತು.

ಬೋರಿಂಗ್ ಇರುವುದು ಸವೆದ ಸಿಲಿಂಡರನ್ನು ಸರಿಮಾಡಲು. ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ತೆಗೆದಾಗ ಸಿಲಿಂಡರಿನ ಮೇಲಂಚಿನ ಹತ್ತಿರ ಉಗುರು ಎಳೆದು ನೋಡಿ. ಪಿಸ್ಟನ್ ಸುತ್ತಲಿನ ರಿಂಗ್ ಮುಟ್ಟದ ಜಾಗದಲ್ಲಿ ಒಂದು ಏಣು ಇರುತ್ತದೆ. ಉಗುರು ಅಲ್ಲಿ ಗಟ್ಟಿಯಾಗಿ ತಡೆದರೆ ಸವೆತ ಇದೆ ಅಂತಲೇ ಲೆಕ್ಕ, ಎಷ್ಟು ಅನ್ನುವುದನ್ನು ಬೋರ್ ಗೇಜ್ ಹೇಳುತ್ತದೆ.

ಇನ್ನು ಟರ್ಬೋ, ಅಂದರೆ ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ ಒಳಗೆ ಗಾಳಿ ಒತ್ತುವ ಯಂತ್ರ. ಎಂಜಿನ್ ಅಂದರೆ ಗಾಳಿ ಎಳೆಯುವ ಪಂಪು, ಜಾಸ್ತಿ ಗಾಳಿ ತುರುಕಿದರೆ ಜಾಸ್ತಿ ಪೆಟ್ರೋಲ್ ಸುಡಬಹುದು. ಅರ್ಧ ಬಾರ್, ಅಂದರೆ ಸುಮಾರು 7 ಪಿಎಸ್‌ಐ ಬೂಸ್ಟ್ (ಹೆಚ್ಚುವರಿ ಗಾಳಿ ಒತ್ತಡ) ಕೊಟ್ಟರೆ ಕಾಗದದ ಮೇಲೆ ಶೇ. 50 ಹೆಚ್ಚು ಗಾಳಿ. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ, ಸೈಕಲ್ ಪಂಪಿನ ತುದಿ ಮುಟ್ಟಿದವರಿಗೆಲ್ಲ ಗೊತ್ತು. 27 ಡಿಗ್ರಿಯ ಗಾಳಿ ಟರ್ಬೋದಿಂದ ಹೊರಬರುವಾಗ ಹೆಚ್ಚುಕಡಿಮೆ 80 ಡಿಗ್ರಿ ಇರುತ್ತದೆ. ಇಂಟರ್‌ಕೂಲರ್ (ಆ ಗಾಳಿಯನ್ನು ತಣಿಸುವ ರೇಡಿಯೇಟರ್) ಇಲ್ಲದಿದ್ದರೆ ಆ ಐವತ್ತರಲ್ಲಿ ಅರ್ಧದಷ್ಟೇ ಕೈಗೆ ಸಿಗುವುದು. ಆದರೂ ಬೋರಿಂಗಿಗೆ ಹೋಲಿಸಿದರೆ ಎಲ್ಲಿಯ ಮಾತು!

ತೊಂದರೆ ನಿಮ್ಮ 10.5ರ ಕಂಪ್ರೆಷನ್. ಅದರ ಮೇಲೆ ಬೂಸ್ಟ್ ಕೊಟ್ಟರೆ ನಾಕಿಂಗ್ (ಪೆಟ್ರೋಲ್ ತಾನಾಗೇ ಸಿಡಿದು ಬಡಿಯುವುದು) ಶುರುವಾಗಿ ಪಿಸ್ಟನ್ನಿನ ರಿಂಗ್ ಕೂರುವ ಅಂಚೇ ಮುರಿಯಬಹುದು. 1962ರಲ್ಲಿ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಅಂತ ಟರ್ಬೋ ಕಾರು ತಂದಿತ್ತು. ಕಂಪ್ರೆಷನ್ 10.25. ನಾಕಿಂಗ್ ತಡೆಯಲು ನೀರು, ಮೆಥನಾಲ್ ಬೆರೆಸಿ ಎಂಜಿನ್ನಿಗೆ ಸಿಂಪಡಿಸುವ ಏರ್ಪಾಡಿತ್ತು. ಆ ಟ್ಯಾಂಕ್ ತುಂಬಿಸುವುದನ್ನು ಜನ ಮರೆಯುತ್ತಿದ್ದರು, ಕಾರು ಬೂಸ್ಟ್ ಕಡಿಮೆ ಮಾಡಿಕೊಳ್ಳುತ್ತಿತ್ತು, ಕೊನೆಗೆ ಎಷ್ಟೋ ಜನ ಟರ್ಬೋವನ್ನೇ ಕಿತ್ತುಹಾಕಿಸಿದರು.

ಅದಕ್ಕೇ ಹೇಳುವುದು, ಎಂಜಿನ್ ಬಿಚ್ಚುವಾಗ ದುಡ್ಡನ್ನು ಮಿಲಿಮೀಟರಿಗೆ ಹಾಕಬೇಡಿ, ಪಿಸ್ಟನ್ನಿಗೆ ಹಾಕಿ. ತಲೆ ಸ್ವಲ್ಪ ತಗ್ಗಿರುವ ಫೋರ್ಜ್ಡ್ ಪಿಸ್ಟನ್ ತರಿಸಿ, ಕಂಪ್ರೆಷನ್ 9ರ ಆಸುಪಾಸಿಗೆ ಇಳಿಸಿ. ಬೋರ್ ಸವೆತ ಹೋಗುವಷ್ಟೇ ಸಾಕು, ಕಾಲು ಅಥವಾ ಅರ್ಧ ಮಿ.ಮೀ. ಗೋಡೆ ದಪ್ಪ ಉಳಿದರೇನೇ ಬೂಸ್ಟಿನ ಒತ್ತಡಕ್ಕೆ ಸಿಲಿಂಡರ್ ಸೊಟ್ಟಗಾಗದೆ ರಿಂಗ್ ಹಿಡಿದುಕೊಳ್ಳುವುದು. ಪಿಸ್ಟನ್ ಕೈಗೆ ಬರುವ ಮುಂಚೆ ಮಾತ್ರ ಬೋರ್ ಮಾಡಿಸಬೇಡಿ. ಪಿಸ್ಟನ್ನಿನ ಅಳತೆ ತೆಗೆದು ಅದಕ್ಕೆ ತಕ್ಕಂತೆ ಕೊರೆಸಬೇಕು.

ದೊಡ್ಡ ಇಂಜೆಕ್ಟರ್, ಪೆಟ್ರೋಲ್ ಪಂಪ್, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಟ್ಯೂನಿಂಗ್, ಕ್ಲಚ್, ಇವೂ ಟರ್ಬೋ ಖರ್ಚೇ. ಇಷ್ಟಕ್ಕೆ ಈಗ ಕೈಯಲ್ಲಿ ಕಾಸಿಲ್ಲದಿದ್ದರೆ ಸುಮ್ನೆ ಅದೇ ಕಂಪ್ರೆಷನ್ನಿನ ಓವರ್‌ಸೈಜ್ ಪಿಸ್ಟನ್ ಹಾಕಿಸಿ ಗಾಡಿ ಓಡಿಸಿ.

ಪ್ರಶ್ನೆ: ಟರ್ಬೋ ಬದಲು ಸೂಪರ್‌ಚಾರ್ಜರ್ ಹಾಕಿದರೆ ಈ ತಲೆನೋವು ಇರಲ್ವಾ?

ಉತ್ತರ: ಇದ್ದೇ ಇರುತ್ತದೆ. ಸೂಪರ್‌ಚಾರ್ಜರ್ ಎಂಜಿನ್ನಿನ ಬೆಲ್ಟಿನಿಂದ ತಿರುಗುವುದರಿಂದ ಲ್ಯಾಗ್ (ಬೂಸ್ಟ್ ಬರುವ ತನಕ ಕಾಯುವುದು) ಇಲ್ಲ, ಕಾಲಿಟ್ಟ ಕೂಡಲೇ ಎಳೆತ ಸಿಗುತ್ತದೆ. ಆದರೆ ತಿರುಗಲು ಎಂಜಿನ್ನಿನ ಪವರನ್ನೇ ತಿನ್ನುತ್ತದೆ. ನಾಕಿಂಗಿಗೆ ಬೂಸ್ಟ್ ಎಲ್ಲಿಂದ ಬಂದರೇನು!